ಅದೇ ಪಾಯಿಂಟ್, ಅದೇ ವಾರ, ಬೊಂಡಾಸ್ ಮಾತ್ರ ಇಲ್ಲ: ಯಾಕೆ?

ಪ್ರಶ್ನೆ: ಸರ್, ಮಲ್ಪೆಯಲ್ಲಿ ನಮ್ಮದೊಂದು ಆಳಸಮುದ್ರ ಟ್ರಾಲ್ ಬೋಟ್ ಇದೆ. ಹಿಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಒಂದು ಕಡೆ ಬೊಂಡಾಸ್ (ಸ್ಕ್ವಿಡ್) ಚೆನ್ನಾಗಿ ಬಿದ್ದಿತ್ತು. ಬೋಟು ನಡೆಸುವ ತಂಡೇಲರು ಆ ಪಾಯಿಂಟನ್ನು ಜಿಪಿಎಸ್‌ನಲ್ಲಿ ಉಳಿಸಿಟ್ಟಿದ್ದರು. ಈ ವರ್ಷ ಅದೇ ವಾರ ಅದೇ ಜಾಗಕ್ಕೆ ಹೋದರೆ ಡೀಸೆಲ್ ಖರ್ಚೂ ಹುಟ್ಟಲಿಲ್ಲ. ಮೊಬೈಲಿಗೆ ಬರುವ ಮೀನು ವಲಯದ ಮಾಹಿತಿ ನೋಡಿ ಹೋದವರಿಗೆ ಬಂಗುಡೆ ಸಿಕ್ಕಿತು, ಬೊಂಡಾಸ್ ಇಲ್ಲ. ಬೊಂಡಾಸ್‌ಗೆ 15ರಿಂದ 20 ಡಿಗ್ರಿಯ ತಣ್ಣೀರು ಬೇಕು ಅಂತ ಇಂಟರ್ನೆಟ್‌ನಲ್ಲಿ ಓದಿದೆ. ನಮ್ಮ ಕಡಲಿನಲ್ಲಿ ಅಂಥ ನೀರು ಎಲ್ಲಿದೆ? ಇನ್ನೂ ಆಳಕ್ಕೆ ಹೋದರೆ ದೊಡ್ಡ ಬೊಂಡಾಸ್ ಇದೆಯಂತೆ, ನಿಜವೇ?

ಉತ್ತರ: ನಿಮ್ಮ ಜಿಪಿಎಸ್ ನೆನಪಿಟ್ಟುಕೊಂಡದ್ದು ನೆಲವನ್ನು. ಹಿಂದಿನ ವರ್ಷ ನೀವು ಬಲೆ ಬಿಟ್ಟಾಗ ಆ ನೆಲದ ಮೇಲೆ ಎಂಥ ನೀರು ನಿಂತಿತ್ತು ಅನ್ನುವುದು ಅದಕ್ಕೆ ಗೊತ್ತಿಲ್ಲ. ನೆಲವೂ ನೀರೂ ಸರಿಯಾಗಿ ಕೂಡಿದರೆ ಮಾತ್ರ ಅದು ಬೊಂಡಾಸ್ ಸಿಗುವ ಜಾಗ. ನೆಲ ಎಲ್ಲಿಗೂ ಹೋಗುವುದಿಲ್ಲ. ನೀರು ಒಂದೇ ವಾರದಲ್ಲಿ ಬದಲಾಗಿಬಿಡುತ್ತದೆ. ಅದರಲ್ಲೂ ನಮ್ಮ ಕರಾವಳಿಯಲ್ಲಿ ಬದಲಾಗುವುದು ಕೆಳಗಿನ ನೀರು. ಅದು ಬೋಟಿನಿಂದಲೂ ಕಾಣುವುದಿಲ್ಲ, ಉಪಗ್ರಹಕ್ಕೂ ಕಾಣುವುದಿಲ್ಲ. ನಿಮಗೆ ಈ ಸಲ ಕೈಕೊಟ್ಟದ್ದು ಬಹುಶಃ ಅದೇ.

ಮೊದಲು ಆ 15–20 ಡಿಗ್ರಿಯ ಮಾತು ಮುಗಿಸೋಣ. ನೀವು ಓದಿದ್ದು ಜಪಾನ್ ಅಥವಾ ಅರ್ಜೆಂಟೀನಾ ಕಡೆಯ ಬೊಂಡಾಸ್ ಬಗ್ಗೆ ಇರಬೇಕು. ಅವು ತೆರೆದ ಸಾಗರದ ಜಾತಿಗಳು. ಮೊಟ್ಟೆಯನ್ನು ತಳಕ್ಕೆ ಅಂಟಿಸುವುದಿಲ್ಲ. ನಡುನೀರಿನಲ್ಲಿ ದೊಡ್ಡ ಲೋಳೆ ಮುದ್ದೆಯಾಗಿ ಬಿಡುತ್ತವೆ, ಅದು ನೀರಿನ ಜೊತೆ ತೇಲುತ್ತದೆ. ಹಾಗಾಗಿ ಅವುಗಳ ಬದುಕೆಲ್ಲ ಪ್ರವಾಹದ ಕೈಯಲ್ಲಿ. ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಬ್ರೆಜಿಲ್ ಕಡೆಯಿಂದ ಬರುವ ಬಿಸಿ ಪ್ರವಾಹ ಮತ್ತು ದಕ್ಷಿಣದ ಮಾಲ್ವಿನಾಸ್ ತಣ್ಣನೆ ಪ್ರವಾಹ ಎದುರುಬದುರಾಗುತ್ತವೆ. ಅಲ್ಲಿನ ಬೊಂಡಾಸ್‌ನ ಏಳುಬೀಳು ಈ ಎರಡು ನೀರಿನ ಆಟಕ್ಕೆ ಸಿಕ್ಕಿಕೊಂಡಿದೆ. ಅರ್ಜೆಂಟೀನಾದ ದಕ್ಷಿಣಕ್ಕಿರುವ ಪ್ಯಾಟಗೋನಿಯಾದ ಆಳದಂಚಿನಲ್ಲಿ, ಅಂದರೆ ದಡದ ಕಡೆಯ ತಗ್ಗು ಕಡಲು ಮುಗಿದು ಆಳ ಶುರುವಾಗುವಲ್ಲಿ, ರಾತ್ರಿ ಬೆಳಕು ಹಾಕಿ ನಿಲ್ಲುವ ಬೋಟುಗಳ ಸಾಲು ಉಪಗ್ರಹದ ಚಿತ್ರದಲ್ಲೂ ಕಾಣುತ್ತದೆ. ಅಂಥ ಕಡೆ ಮೇಲಿನ ನೀರಿನ ಉಷ್ಣತೆಯ ಮ್ಯಾಪ್ ಇಟ್ಟುಕೊಂಡು ಜಾಗ ಹುಡುಕುವುದರಲ್ಲಿ ಅರ್ಥವಿದೆ.

ಮಲ್ಪೆ, ಮಂಗಳೂರಿನ ಮೀನು ಇಳಿಸುವ ದಕ್ಕೆಗೆ ಹೆಚ್ಚಾಗಿ ಬರುವ ಬೊಂಡಾಸ್ ಬೇರೆ. ವಿಜ್ಞಾನದಲ್ಲಿ ಅದಕ್ಕೆ ಯೂರೊಟ್ಯೂಥಿಸ್ ಡುವೌಸೆಲಿ ಎನ್ನುತ್ತಾರೆ. ಇದು ದಡದಿಂದ ಆಳದಂಚಿನವರೆಗಿನ ತಟ್ಟೆ ನೆಲದ ಮೇಲೆಯೇ ಹುಟ್ಟಿ, ಬೆಳೆದು, ಸಾಯುವ ಜಾತಿ. ಹಗಲು ತಳದ ಹತ್ತಿರ ಇರುತ್ತದೆ, ಕತ್ತಲಾದ ಮೇಲೆ ಮೇಲೇಳುತ್ತದೆ. ತಳದಲ್ಲಿ ಎಳೆಯುವ ನಿಮ್ಮ ಬಲೆಗೆ ಹಗಲು ಜಾಸ್ತಿ ಬೀಳುವುದು ಅದಕ್ಕೇ. ಮೊಟ್ಟೆ ಬೆರಳುದ್ದದ ಬಿಳಿ ಲೋಳೆ ಕೋಶಗಳಲ್ಲಿ ಇರುತ್ತದೆ. ಆ ಕೋಶಗಳನ್ನು ಗೊಂಚಲಾಗಿ ಕಲ್ಲು, ಚಿಪ್ಪು, ಹಳೆ ಹಗ್ಗ, ಏನು ಸಿಕ್ಕಿತೋ ಅದಕ್ಕೆ ಅಂಟಿಸುತ್ತದೆ. ಅಂದರೆ ಇದಕ್ಕೆ ಒಳ್ಳೆಯ ನೀರು ಇದ್ದರೆ ಸಾಲದು, ಅಂಟಿಸಲು ಗಟ್ಟಿ ನೆಲವೂ ಬೇಕು. ನಮ್ಮಲ್ಲಿ ದಡದ ಕಡೆ ಕೆಸರು ಜಾಸ್ತಿ. ಇನ್ನಷ್ಟು ಹೊರಗೆ, 60 ಮೀಟರ್‌ನಿಂದ 100 ಮೀಟರ್ ಆಳದ ಕಡೆ, ಸುಣ್ಣಕಲ್ಲು ಚೂರು, ಚಿಪ್ಪು ಬೆರೆತ ಹಳೆಯ ಮರಳು ಸಿಗುತ್ತದೆ. ನಿಮ್ಮ ತಂಡೇಲರು ಇಟ್ಟುಕೊಂಡ ಪಾಯಿಂಟಿನ ಕೆಳಗೆ ಏನಿದೆ ಅಂತ ಅವರನ್ನೇ ಕೇಳಿ. ಬಲೆಯ ಕೆಳ ಹಗ್ಗದಲ್ಲಿ ಏನು ಸಿಕ್ಕಿಕೊಂಡು ಬರುತ್ತದೆ ಅನ್ನುವುದು ಅವರಿಗೆ ಬಾಯಿಪಾಠ ಇರುತ್ತದೆ.

ಇನ್ನು ನೀರು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮಳೆಗಾಲದಲ್ಲಿ ನಮ್ಮ ಕರಾವಳಿಯ ನೀರು ದಡದ ಗುಂಟ ದಕ್ಷಿಣಕ್ಕೆ ಹರಿಯುತ್ತದೆ. ಜೊತೆಗೆ ಮೇಲಿನ ಬಿಸಿ ನೀರು ದಡ ಬಿಟ್ಟು ಹೊರಗೆ ಸರಿಯುತ್ತದೆ. ಖಾಲಿಯಾದ ಆ ಜಾಗಕ್ಕೆ ಆಳದ ತಣ್ಣೀರು ಇಳಿಜಾರು ಹತ್ತಿಕೊಂಡು ಬರುತ್ತದೆ. ಇದು ಕೇರಳದ ದಕ್ಷಿಣ ತುದಿಯ ಕಡೆ ಮೇ–ಜೂನ್‌ನಲ್ಲಿ ಶುರುವಾಗಿ ನಿಧಾನಕ್ಕೆ ಉತ್ತರಕ್ಕೆ ಬರುತ್ತದೆ. ಮಂಗಳೂರು, ಮಲ್ಪೆ ಕಡೆ ಜುಲೈ–ಆಗಸ್ಟ್‌ಗೆ ಅದು ಜೋರಾಗಿರುತ್ತದೆ. ಅಕ್ಟೋಬರ್ ಕಳೆಯುವ ಹೊತ್ತಿಗೆ ಅಡಗುತ್ತದೆ. ಬರೀ ನಮ್ಮ ಊರಿನ ಗಾಳಿಯಿಂದ ಆಗುವ ಕೆಲಸ ಅಲ್ಲ ಇದು. ಬಂಗಾಳ ಕೊಲ್ಲಿಯಲ್ಲಿ ಎದ್ದ ಏರಿಳಿತ ಶ್ರೀಲಂಕಾ ಸುತ್ತಿ ನಮ್ಮ ದಡ ಹಿಡಿದು ಬಂದು ಇಲ್ಲಿನ ತಣ್ಣೀರನ್ನು ಎತ್ತುವುದೂ ಇದೆ, ಕೆಳಗೆ ಒತ್ತುವುದೂ ಇದೆ. "ಗಾಳಿ ಹಿಂದಿನ ವರ್ಷದ ಹಾಗೆಯೇ ಇತ್ತಲ್ಲ, ನೀರು ಯಾಕೆ ಬೇರೆ" ಎಂದು ಯಾರಾದರೂ ಕೇಳಿದರೆ ಉತ್ತರ ಅಲ್ಲಿರಬಹುದು.

ಈ ನೀರಿನಲ್ಲಿ ಗೊಬ್ಬರ ಇರುತ್ತದೆ, ಅಂದರೆ ನೈಟ್ರೇಟ್, ಫಾಸ್ಫೇಟ್. ಬಿಸಿಲು ತಾಗಿದ ಕೂಡಲೇ ಸಣ್ಣ ಪಾಚಿ ಬೆಳೆಯುತ್ತದೆ. ಪಾಚಿ ತಿನ್ನುವ ಸಣ್ಣ ಜೀವಿಗಳು ಆಮೇಲೆ. ಅವನ್ನು ತಿನ್ನುವ ಸಣ್ಣ ಮೀನು, ಸಿಗಡಿ ಅದರ ನಂತರ. ಬೊಂಡಾಸ್ ಮರಿ ಇದ್ದಾಗ ಆ ಸಣ್ಣ ಜೀವಿಗಳನ್ನು ತಿನ್ನುತ್ತದೆ, ದೊಡ್ಡದಾದ ಮೇಲೆ ಸಣ್ಣ ಮೀನು, ಸಿಗಡಿ, ಕೊನೆಗೆ ತನ್ನದೇ ಜಾತಿಯ ಚಿಕ್ಕವನ್ನೂ ಬಿಡುವುದಿಲ್ಲ. ಹೊಟ್ಟೆ ಬಿಡಿಸಿ ನೋಡಿದವರಿಗೆ ಇದು ಹೊಸ ವಿಷಯ ಅಲ್ಲ. ಗಮನಿಸಬೇಕಾದ್ದು, ನೀರು ಹಸಿರಾಗುವುದಕ್ಕೂ ಬೊಂಡಾಸ್ ಸೇರುವುದಕ್ಕೂ ನಡುವೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಅಂತರ ಇದೆ. ಮೊಬೈಲಿನ ಮ್ಯಾಪ್‌ನಲ್ಲಿ ಇವತ್ತು ಕಾಣುವ ಹಸಿರು ಭೂತಾಯಿ (ಮತ್ತಿ) ಮೀನು, ಬಂಗುಡೆಗೆ ಇವತ್ತಿನ ಊಟ. ಬೊಂಡಾಸ್‌ಗೆ ಅದು ಮುಂದಿನ ತಿಂಗಳ ಮಾತು.

ಹೈದರಾಬಾದಿನ ಇನ್‌ಕಾಯ್ಸ್ (ಸಾಗರ ಮಾಹಿತಿ ಕೊಡುವ ರಾಷ್ಟ್ರೀಯ ಕೇಂದ್ರ) ಸಂಸ್ಥೆ ಕೊಡುವ ಆ ವಲಯ ಮಾಹಿತಿಯನ್ನು ನಾನು ಹಗುರ ಮಾಡುತ್ತಿಲ್ಲ. ಮೇಲ್ನೀರಿನಲ್ಲಿ ಓಡಾಡುವ ಮೀನಿಗೆ ಅದು ಒಳ್ಳೆಯ ಸಾಧನ, ಡೀಸೆಲ್ ಉಳಿಸುತ್ತದೆ. ಆದರೆ ಅದು ನೋಡುವುದು ಸಮುದ್ರದ ಚರ್ಮವನ್ನು: ಮೇಲಿನ ಉಷ್ಣತೆ, ಮೇಲಿನ ಬಣ್ಣ. ಮಳೆಗಾಲದಲ್ಲಿ ನಮ್ಮ ಕಡೆ ಆ ಚರ್ಮ ಸುಳ್ಳು ಹೇಳುತ್ತದೆ. ಯಾಕೆ ಗೊತ್ತಾ? ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ನೇತ್ರಾವತಿ, ಗುರುಪುರ, ಸ್ವರ್ಣಾ, ಸೀತಾ, ಎಲ್ಲವೂ ತುಂಬಿ ಬಂದು ಕಡಲಿಗೆ ಸೇರುತ್ತವೆ. ಈ ಸಿಹಿನೀರು ಹಗುರ. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಉಪ್ಪುನೀರಿನ ಮೇಲೆ ತೆಳ್ಳಗೆ ಕೂತುಬಿಡುತ್ತದೆ, ಬೇಗ ಬೆರೆಯುವುದಿಲ್ಲ. ಮೇಲೆ 27–28 ಡಿಗ್ರಿ ಇರುವಾಗ ಕೆಳಗೆ ತಳದ ಹತ್ತಿರ 22–23ಕ್ಕೆ ಇಳಿದಿರುವುದು ಸಾಮಾನ್ಯ. ಇಷ್ಟು ತಣ್ಣೀರು ಬೋಟಿನ ಅಡಿಯಲ್ಲೇ ಇದ್ದರೂ ಉಪಗ್ರಹಕ್ಕೆ ಕಾಣುವುದು ಮೇಲಿನ ಬೆಚ್ಚನೆ ಪದರ. ಮೋಡ ಕವಿದ ದಿನ ಅದೂ ಇಲ್ಲ. ಹಾಗಾಗಿ "ನಮ್ಮಲ್ಲಿ ತಣ್ಣೀರು ಎಲ್ಲಿದೆ" ಎಂಬ ನಿಮ್ಮ ಪ್ರಶ್ನೆಗೆ ಉತ್ತರ, ನಿಮ್ಮ ಬಲೆ ಎಳೆಯುವ ಜಾಗದಲ್ಲೇ ಇದೆ.

ಹಾಗಂತ ತಣ್ಣೀರು ಬಂದಲ್ಲೆಲ್ಲ ಬೊಂಡಾಸ್ ಇರುತ್ತದೆ ಅಂದುಕೊಳ್ಳಬೇಡಿ. ನಮ್ಮ ಕಡಲಿನ ದೊಡ್ಡ ತಿರುವು ಇರುವುದು ಇಲ್ಲೇ. ಅರಬ್ಬಿ ಸಮುದ್ರದ ನಡು ಆಳದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಮೇಲೇರಿ ಬರುವಾಗಲೇ ಅದು ಬಡವಾಗಿರುತ್ತದೆ. ಮೇಲೆ ಬೆಳೆದ ಪಾಚಿ ಸತ್ತು ತಳಕ್ಕೆ ಬಿದ್ದು ಕೊಳೆಯುವಾಗ ಇದ್ದಬದ್ದದ್ದೂ ಖರ್ಚಾಗುತ್ತದೆ. ಮೇಲಿನ ಸಿಹಿನೀರಿನ ಪದರ ಗಾಳಿಯ ಆಮ್ಲಜನಕವನ್ನು ಕೆಳಗೆ ಬಿಡುವುದಿಲ್ಲ. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಕೆಲವು ಕಡೆ ತಳದ ನೀರು ಉಸಿರಾಡಲು ಆಗದಷ್ಟು ಕೆಡುತ್ತದೆ. ನಮ್ಮ ಪಶ್ಚಿಮ ಕರಾವಳಿಯ ತಟ್ಟೆ ನೆಲದ ಮೇಲೆ ಆಮ್ಲಜನಕವೇ ಇಲ್ಲದ, ಗಂಧಕದ ಅನಿಲ ಏಳುವ ನೀರು ಇರುವುದನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು 2000ದಲ್ಲೇ ವರದಿ ಮಾಡಿದ್ದಾರೆ.

ಬೊಂಡಾಸ್‌ಗೆ ಇದು ಆಗಿಬರುವುದಿಲ್ಲ. ಅದರ ರಕ್ತದಲ್ಲಿ ಆಮ್ಲಜನಕ ಹೊರುವುದು ತಾಮ್ರ ಇರುವ ವಸ್ತು. ಅದು ಹೊರುವುದೂ ಕಡಿಮೆ. ಈಜುವ ರೀತಿಯೋ ಭಾರೀ ಖರ್ಚಿನದು, ಚೀಲದೊಳಗೆ ನೀರು ತುಂಬಿ ಕೊಳವೆಯಿಂದ ರಭಸವಾಗಿ ಚಿಮ್ಮಿಸಿಕೊಂಡು ಹೋಗಬೇಕು. ಆದಾಯ ಕಡಿಮೆ, ಖರ್ಚು ಜಾಸ್ತಿ. ಹಾಗಾಗಿ ತಳದ ನೀರು ಕೆಟ್ಟರೆ ಅದು ಅಲ್ಲಿ ನಿಲ್ಲುವುದಿಲ್ಲ. ಆಚೆಗೋ ಈಚೆಗೋ ಸರಿಯುತ್ತದೆ, ಇಲ್ಲವೇ ತಳ ಬಿಟ್ಟು ಮೇಲೇಳುತ್ತದೆ. ಆಗ ಕೆಟ್ಟ ನೀರಿನ ಅಂಚಿನಲ್ಲಿ ಊಟವೂ ಇದೆ, ಉಸಿರೂ ಇದೆ. ಬೊಂಡಾಸ್ ಅಂಥ ಅಂಚಿನಲ್ಲಿ ಒತ್ತಾಗಿ ಸೇರುತ್ತದೆ. ಅಂಚು ಎರಡು ಮೈಲಿ ಸರಿದರೆ ಗುಂಪೂ ಸರಿಯುತ್ತದೆ. ನಿಮ್ಮ ಪಾಯಿಂಟು ಹಿಂದಿನ ವರ್ಷ ಆ ಅಂಚಿನ ಮೇಲೆ ಇದ್ದು, ಈ ವರ್ಷ ಕೆಟ್ಟ ನೀರಿನ ಒಳಗೆ ಬಿದ್ದಿರಬಹುದು. ಬಲೆಗೆ ಬಂದ ಕೆಸರಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಇತ್ತಾ? ತಳದಲ್ಲಿ ಬದುಕುವ ಏಡಿ, ಸಣ್ಣ ಮೀನು ಸತ್ತೇ ಬಂದವಾ? ಹೌದಾದರೆ ಅಲ್ಲಿ ಇನ್ನೊಂದು ಸುತ್ತು ಎಳೆಯುವುದು ಸುಮ್ನೆ ಡೀಸೆಲ್ ಸುಟ್ಟ ಹಾಗೆ. ಆಳ ಬದಲಿಸಿ.

ಪ್ರತಿ ವರ್ಷವೂ ಒಂದೇ ರೀತಿ ಇರುವುದಿಲ್ಲ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗಾಗಿ ಪೂರ್ವ ಭಾಗ ತಣ್ಣಗಾಗುವ ವರ್ಷಗಳಿವೆ. ಪಾಸಿಟಿವ್ ಡೈಪೋಲ್ ಅಂತ ಪತ್ರಿಕೆಯಲ್ಲಿ ಓದಿರುತ್ತೀರಿ, 2019 ಅಂಥದ್ದೇ ಒಂದು ಜೋರಿನ ವರ್ಷ. ಅಂಥ ವರ್ಷ ಮಳೆಗಾಲದ ಕೊನೆಗೆ ನಮ್ಮ ದಡದಲ್ಲಿ ತಣ್ಣೀರು ಮಾಮೂಲಿಗಿಂತ ಕೆಳಗೇ ಉಳಿಯುತ್ತದೆ, ತಳದ ನೀರು ಅಷ್ಟಾಗಿ ಕೆಡುವುದಿಲ್ಲ. ಆ ವರ್ಷವೇ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್, ಅದರ ಬೆನ್ನಿಗೇ ಮಹಾ ಚಂಡಮಾರುತ ಬಂದವು. ಅಂಥ ತೂಫಾನ್ ಹಾದುಹೋದಲ್ಲಿ ಮೇಲಿನ ನೀರೂ ಕೆಳಗಿನ ನೀರೂ ಕಲಸಿಹೋಗುತ್ತವೆ. ಅದುವರೆಗೆ ಇದ್ದ ಅಂಚು, ಪದರ ಎಲ್ಲ ಅಳಿಸುತ್ತದೆ. ತೂಫಾನ್‌ಗೆ ಮೊದಲಿನ ಪಾಯಿಂಟುಗಳನ್ನು ಅದರ ನಂತರ ನಂಬಬೇಡಿ ಎನ್ನುವುದು ನನ್ನ ಸಲಹೆ.

ನವೆಂಬರ್ ನಂತರ ಕಥೆಯೇ ಬೇರೆ. ಪ್ರವಾಹ ತಿರುಗಿ ಉತ್ತರಕ್ಕೆ ಹರಿಯುತ್ತದೆ, ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರನ್ನು ಹೊತ್ತು ತರುತ್ತದೆ. ತಣ್ಣೀರು ಕೆಳಗೆ ಇಳಿಯುತ್ತದೆ, ತಟ್ಟೆ ನೆಲದ ಮೇಲೆಲ್ಲ ಉಸಿರಾಡಬಹುದಾದ ಬೆಚ್ಚನೆ ನೀರು. ಒತ್ತಾಗಿ ಸೇರಲು ಕಾರಣ ಇಲ್ಲದ್ದರಿಂದ ಬೊಂಡಾಸ್ ಚದುರುತ್ತದೆ. ಆ ಕಾಲದಲ್ಲಿ ನೀರಿಗಿಂತ ನೆಲ ಮುಖ್ಯ. ಮೊಟ್ಟೆ ಇಡಲು ಬರುವ ಗಟ್ಟಿ ನೆಲದ ಪಾಯಿಂಟುಗಳು ಆಗ ಕೆಲಸಕ್ಕೆ ಬರುತ್ತವೆ. ಅಂದರೆ ನಿಮ್ಮ ಜಿಪಿಎಸ್ ಪಟ್ಟಿಯನ್ನು ಎಸೆಯಬೇಕಿಲ್ಲ. ತಿಂಗಳ ಪ್ರಕಾರ ಬೇರೆ ಬೇರೆ ಮಾಡಿ ಇಟ್ಟುಕೊಳ್ಳಿ.

ಇನ್ನೊಂದು ವಿಷಯವನ್ನು ಬೋಟಿನವರು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೊಂಡಾಸ್‌ನ ಆಯುಷ್ಯ ಹೆಚ್ಚೆಂದರೆ ಒಂದು ವರ್ಷದ ಆಸುಪಾಸು. ನೀವು ಹಿಂದಿನ ಸೆಪ್ಟೆಂಬರ್‌ನಲ್ಲಿ ಹಿಡಿದ ಗುಂಪಿನದ್ದು ಈ ಸೆಪ್ಟೆಂಬರ್‌ಗೆ ಒಂದೂ ಉಳಿದಿರುವುದಿಲ್ಲ. ಕೆಲವು ದೊಡ್ಡ ಮೀನಿನಲ್ಲಿ ಮೂರು ನಾಲ್ಕು ವರ್ಷದವು ಬೆರೆತಿರುತ್ತವೆ, ಒಂದು ವರ್ಷ ಕೆಟ್ಟರೂ ಹಿಂದಿನವು ಸಂಭಾಳಿಸುತ್ತವೆ. ಬೊಂಡಾಸ್‌ಗೆ ಆ ಉಳಿತಾಯ ಇಲ್ಲ. ಪ್ರತಿ ವರ್ಷ ಹೊಸ ಬೆಳೆ. ಕ್ಯಾಲಿಫೋರ್ನಿಯಾದಲ್ಲಿ 1997–98ರ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬೆಚ್ಚಗಾಗುವ ವಿದ್ಯಮಾನ) ಸಮಯದಲ್ಲಿ ಬೊಂಡಾಸ್ ಹಿಡುವಳಿ ನೆಲಕಚ್ಚಿತು, ನೀರು ತಣ್ಣಗಾದ ಕೂಡಲೇ ಮತ್ತೆ ಎದ್ದು ನಿಂತಿತು. ಬೀಳುವುದೂ ಬೇಗ, ಏಳುವುದೂ ಬೇಗ.

ಈ ಆಯುಷ್ಯವನ್ನು ಹೇಗೆ ಕಂಡುಹಿಡಿಯುತ್ತಾರೆ ಅನ್ನುವುದು ನೋಡಲು ಚೆಂದ. ಬೊಂಡಾಸ್‌ನ ತಲೆಯನ್ನು ಕೆಳಗಿನಿಂದ, ಕೊಳವೆ ಇರುವ ಕಡೆಯಿಂದ ತೆಳ್ಳಗೆ ಕೊಯ್ದರೆ ಮೆದು ಎಲುಬಿನಂಥ ಭಾಗದೊಳಗೆ ಎರಡು ಪುಟ್ಟ ಗುಳಿಗಳಿವೆ. ಒಂದೊಂದರಲ್ಲಿ ಒಂದೊಂದು ಬಿಳಿ ಕಲ್ಲು, ಒಂದೆರಡು ಮಿಲಿಮೀಟರ್ ಇರಬಹುದು. ದೇಹ ಓರೆಯಾಯಿತೋ ನೆಟ್ಟಗಿದೆಯೋ ಅಂತ ಅದಕ್ಕೆ ತಿಳಿಸುವ ಕಲ್ಲು ಅದು. ಅದನ್ನು ಗಾಜಿನ ಮೇಲೆ ಅಂಟಿಸಿ, ನಯವಾದ ಉಜ್ಜುಕಾಗದದಲ್ಲಿ ಬೆಳಕು ಹಾಯುವಷ್ಟು ತೆಳುವಾಗುವವರೆಗೆ ಉಜ್ಜಬೇಕು. ಒಂದು ಉಜ್ಜು ಜಾಸ್ತಿಯಾದರೆ ಕಲ್ಲೇ ಮಾಯ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವಿನಿಂದ ಹೊರಕ್ಕೆ ಸುತ್ತುಗಳು, ದಿನಕ್ಕೊಂದು. ಎಣಿಸಿದರೆ ಹುಟ್ಟಿದ ದಿನ ಸಿಗುತ್ತದೆ. ಆ ದಿನಗಳಲ್ಲಿ ಕಡಲು ಹೇಗಿತ್ತು ಎಂದು ದಾಖಲೆ ತೆಗೆದು ನೋಡಿದರೆ, ಯಾವ ನೀರಿನಲ್ಲಿ ಹುಟ್ಟಿದ ಮರಿಗಳು ಬದುಕಿ ಬಲೆಯವರೆಗೆ ಬಂದವು ಎಂಬುದು ತಿಳಿಯುತ್ತದೆ. ನೀರು ಬೆಚ್ಚಗಿದ್ದರೆ ಮೊಟ್ಟೆ ಬೇಗ ಒಡೆಯುತ್ತದೆ, ಮರಿ ಬೇಗ ಬೆಳೆಯುತ್ತದೆ, ಆದರೆ ಚಿಕ್ಕ ಗಾತ್ರದಲ್ಲೇ ಬಲಿತುಬಿಡುತ್ತದೆ. ಸಣ್ಣದೇ ಬರುತ್ತಿದೆ ಎಂದು ದಕ್ಕೆಯಲ್ಲಿ ಗೊಣಗುವಾಗ ಬಲೆಯ ಕಣ್ಣು ಒಂದು ಕಾರಣ ಆಗಿರಬಹುದು, ಬೆಚ್ಚನೆ ನೀರು ಇನ್ನೊಂದು.

ಹಾಗಾದರೆ ಬೋಟಿನಲ್ಲಿ ಏನು ಮಾಡಬಹುದು? ನನ್ನ ಕೇಳಿದರೆ ಮೊದಲ ಖರ್ಚು ಒಂದು ಉಷ್ಣತೆ–ಆಳ ಬರೆದಿಟ್ಟುಕೊಳ್ಳುವ ಸಣ್ಣ ಉಪಕರಣ, ಲಾಗರ್ ಎನ್ನುತ್ತಾರೆ. ಹೆಬ್ಬೆರಳಿನಷ್ಟು ದಪ್ಪದವೂ ಸಿಗುತ್ತವೆ. ಬಲೆಯ ಮೇಲ್ಹಗ್ಗಕ್ಕೆ ಕಟ್ಟಿಬಿಟ್ಟರೆ ಪ್ರತಿ ಎಳೆತದಲ್ಲೂ ತಳದ ಉಷ್ಣತೆ ಅದರಲ್ಲಿ ಉಳಿಯುತ್ತದೆ. ಪಾಯಿಂಟಿನ ಪಕ್ಕ ಆ ಅಂಕಿಯನ್ನೂ ಬರೆದಿಡಿ. ಒಂದು ಋತು ಹೀಗೆ ಮಾಡಿದರೆ "ಈ ನೆಲ, ಇಷ್ಟು ಡಿಗ್ರಿ" ಎಂಬ ಜೋಡಿ ನಿಮ್ಮದೇ ಆಗಿ ಸಿಗುತ್ತದೆ. ಅದು ಇಂಟರ್ನೆಟ್‌ನಲ್ಲಿ ಸಿಗುವ ಯಾವ ಅಂಕಿಗಿಂತಲೂ ಮೇಲು. ಮಂಗಳೂರಿನಲ್ಲಿ ಸಿಎಂಎಫ್‌ಆರ್‌ಐ (ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಕೇಂದ್ರ ಇದೆ, 1969ರಿಂದ ಮೀನುಗಾರಿಕಾ ಕಾಲೇಜು ಇದೆ. ಇಂಥ ದಾಖಲೆ ಹಿಡಿದುಕೊಂಡು ಹೋದರೆ ಅಲ್ಲಿನವರ ಜೊತೆ ಮಾತಾಡಲು ನಿಮ್ಮ ಹತ್ತಿರ ಗಟ್ಟಿ ಸರಕು ಇರುತ್ತದೆ.

ಶಬ್ದದ ಅಲೆ ಬಿಟ್ಟು ಮೀನು ತೋರಿಸುವ ಫಿಶ್ ಫೈಂಡರ್ ಪರದೆಯನ್ನು ಓದುವಾಗಲೂ ಒಂದು ಎಚ್ಚರ ಬೇಕು. ಬಂಗುಡೆಯ ಗುಂಪು ಕೆಂಪಗೆ ಎದ್ದು ಕಾಣುವ ಹಾಗೆ ಬೊಂಡಾಸ್ ಕಾಣುವುದಿಲ್ಲ. ಹೆಚ್ಚಿನ ಮೀನಿನ ಹೊಟ್ಟೆಯಲ್ಲಿ ಗಾಳಿಚೀಲ ಇರುತ್ತದೆ, ಶಬ್ದದ ಅಲೆ ಅದಕ್ಕೆ ತಾಗಿ ಜೋರಾಗಿ ವಾಪಸ್ ಬರುತ್ತದೆ. ಬೊಂಡಾಸ್‌ಗೆ ಅದಿಲ್ಲ. ತಳಕ್ಕೆ ಅಂಟಿಕೊಂಡ ಮಸುಕು ಗೀಚು ಕಂಡರೆ "ಏನೂ ಇಲ್ಲ" ಎಂದು ಮುಂದೆ ಹೋಗಬೇಡಿ.

ಬಲೆಯಲ್ಲಿ ಮೊಟ್ಟೆಯ ಗೊಂಚಲು ಬಂದರೆ? ಆ ಪಾಯಿಂಟನ್ನೂ ಬರೆದಿಡಿ, ಆದರೆ ಅಲ್ಲಿಂದ ಜಾಗ ಖಾಲಿ ಮಾಡಿ. ಅದು ಮುಂದಿನ ಋತುವಿನ ಬೆಳೆ. ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ವಿಷಯದಲ್ಲಿ ನಮ್ಮ ಕಡೆ ಆದದ್ದು ಗೊತ್ತೇ ಇದೆಯಲ್ಲ. ತೆಂಗಿನ ಹೂಗೊಂಚಲು ಕಟ್ಟಿ ಕಡಲಿಗೆ ಇಳಿಸುತ್ತಾರೆ, ಮೊಟ್ಟೆ ಇಡಲು ನೆಲೆ ಸಿಕ್ಕಿತೆಂದು ದೊಡ್ಡವು ಬಂದು ಸೇರುತ್ತವೆ, ಅಲ್ಲೇ ಗಾಳಕ್ಕೆ ಬೀಳುತ್ತವೆ. ಹಿಡಿಯುವವರಿಗೆ ಸಲೀಸು. ಮೊಟ್ಟೆ ಇಡಲು ಬಂದದ್ದನ್ನೇ ಹಿಡಿದು ಮುಗಿಸಿದರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತದೆ ಅನ್ನುವುದು ಟ್ರಾಲ್ ಬೋಟಿನವರ ತಕರಾರು. ನಾನು ಆ ತಕರಾರಿನ ಪರ. ಆದರೆ ಮೊಟ್ಟೆ ಇರುವ ನೆಲದ ಮೇಲೆ ಟ್ರಾಲ್ ಎಳೆಯುವುದು ಅದಕ್ಕಿಂತ ಒಳ್ಳೆಯ ಕೆಲಸವೇನೂ ಅಲ್ಲ, ಅಲ್ವಾ?

ಕೊನೆಯದಾಗಿ ಆಳದ ದೊಡ್ಡ ಬೊಂಡಾಸ್. ಇದೆ, ನಿಜ. ತಟ್ಟೆ ನೆಲ ಮುಗಿದ ಮೇಲೆ, ಲಕ್ಷದ್ವೀಪದ ಕಡೆಯ ತೆರೆದ ಕಡಲಿನಲ್ಲಿ ನೇರಳೆ ಬೆನ್ನಿನ ಹಾರುವ ಬೊಂಡಾಸ್ ಧಾರಾಳವಾಗಿದೆ. ಅರಬ್ಬಿ ಸಮುದ್ರದಲ್ಲಿ ಅದರ ಭಾರೀ ಗಾತ್ರದ ಬಗೆಯೂ ಇದೆ. ನಮ್ಮ ಬೊಂಡಾಸ್ ಯಾವ ನೀರಿಗೆ ಹೆದರಿ ಓಡುತ್ತದೋ ಅಂಥ ಆಮ್ಲಜನಕ ಇಲ್ಲದ ಆಳದಲ್ಲೇ ಅದು ಹಗಲು ಕಳೆಯಬಲ್ಲದು. ರಾತ್ರಿ ಮೇಲೆ ಬಂದು ಬೇಟೆ ಆಡುತ್ತದೆ. ತಳವೇ ಸಿಗದ ಆಳ ಅದು, ತಳದ ಬಲೆಗೆ ಅಲ್ಲಿ ಕೆಲಸ ಇಲ್ಲ. ಗಾಳದ ಯಂತ್ರ ಬೇಕು, ಬೆಳಕು ಬೇಕು. ಬೆಳಕು ಹಾಕಿದರೆ ಅದು ನೇರ ಬೆಳಕಿಗೆ ಬರುವುದಿಲ್ಲ, ಬೋಟಿನ ನೆರಳು ಬೀಳುವ ಗೆರೆಯ ಕತ್ತಲಲ್ಲಿ ನಿಂತು ಬೆಳಕಿನಲ್ಲಿರುವ ಸಣ್ಣ ಮೀನಿನ ಮೇಲೆ ಹಾರುತ್ತದೆ. ಗಾಳ ಇಳಿಸುವುದು ಆ ಗೆರೆಯಲ್ಲಿ. ಹುಣ್ಣಿಮೆಯ ಆಸುಪಾಸು ಎಲ್ಲ ಕಡೆ ಬೆಳಕಾಗಿ ಆ ಗೆರೆ ಮಸುಕಾಗುತ್ತದೆ, ಹಿಡುವಳಿಯೂ ಇಳಿಯುತ್ತದೆ. ಬೆಳಕು ಮೀನುಗಾರಿಕೆಗೆ ಕೇಂದ್ರ ಸರ್ಕಾರದ ನಿಷೇಧ 2017ರಿಂದ ಇದೆ. ಹಾಗಾಗಿ ಸಾಲ ಮಾಡಿ ಯಂತ್ರ ತರುವ ಮೊದಲು ಮೀನುಗಾರಿಕೆ ಇಲಾಖೆಗೆ ಹೋಗಿ ಯಾವುದಕ್ಕೆ ಅನುಮತಿ ಇದೆ ಎಂದು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಸದ್ಯಕ್ಕೆ ನಿಮ್ಮ ಬೋಟಿಗೆ ಲಾಗರ್ ಸಾಕು. ಆಗಸ್ಟ್ ಒಂದಕ್ಕೆ ಮೀನುಗಾರಿಕೆ ಶುರುವಾಗುವ ಮೊದಲೇ ತರಿಸಿಟ್ಟುಕೊಳ್ಳಿ, ಮೊದಲ ಎಳೆತದಿಂದಲೇ ಅಂಕಿ ಬೇಕು.